22 ಜನರ ಕಂಪನಿಗೆ ಸೇರಬಹುದೇ?

ತುಂಗಾತೀರ

ನನಗೆ 26 ವರ್ಷ, ಊರು ಶಿವಮೊಗ್ಗದ ಹತ್ತಿರ. ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿ 4 ವರ್ಷ 2 ತಿಂಗಳಿಂದ ಇದ್ದೇನೆ. ಅಷ್ಟೂ ಕಾಲ ಒಂದೇ ವಿದೇಶಿ ವಿಮಾ ಕಂಪನಿಯ ಹಳೆಯ ಜಾವಾ ಪ್ರೋಗ್ರಾಮಿನ ಒಂದು ಮೂಲೆಯನ್ನು ನೋಡಿಕೊಂಡಿದ್ದೇನೆ. ಎರಡು ಸಾಲು ತಿದ್ದಿದರೂ ಅದು ಬಳಕೆಗೆ ಹೋಗುವಷ್ಟರಲ್ಲಿ ಮೂರು ವಾರ ಕಳೆದಿರುತ್ತದೆ. ನಾನು ಬರೆದದ್ದನ್ನು ಯಾರು ಬಳಸುತ್ತಾರೆ ಎಂಬುದು ಇಂದಿಗೂ ನನಗೆ ತಿಳಿಯದು.

ಈಗ ಮೈಸೂರಿನ 22 ಜನರ ಕಂಪನಿಯೊಂದು ಕರೆದಿದೆ. ಸಣ್ಣ ಆಸ್ಪತ್ರೆಗಳ ಹೊರರೋಗಿ ಚೀಟಿ, ಲ್ಯಾಬ್ ವರದಿ, ಔಷಧದ ಬಿಲ್ಲು ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದು. ಮಾಲೀಕರೇ ಎರಡೂವರೆ ಗಂಟೆ ಕೂತು ಮಾತನಾಡಿದರು. ಸಂಬಳ ಈಗಿನದಕ್ಕಿಂತ ತುಸು ಹೆಚ್ಚು, ಜೊತೆಗೆ 1,000 ಷೇರು ಕೊಡುತ್ತೇವೆ ಎಂದಿದ್ದಾರೆ. ನನಗೆ ಮನಸ್ಸಿದೆ. ಅಪ್ಪ ಮಾತ್ರ "ಆ ಹೆಸರನ್ನು ಯಾರೂ ಕೇಳಿಲ್ಲವಲ್ಲ ಮಗಳೇ, ನಾಳೆ ಬಾಗಿಲು ಹಾಕಿದರೆ?" ಎನ್ನುತ್ತಾರೆ. ಅವರು ಮೂವತ್ತು ವರ್ಷ ಊರಿನ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು, ದುಡ್ಡಿನ ವಿಷಯದಲ್ಲಿ ಸುಮ್ಮನೆ ಹೆದರುವವರಲ್ಲ. ಸಣ್ಣ ಕಂಪನಿಯಲ್ಲಿ ದುಡಿದವರು ದಯವಿಟ್ಟು ಹೇಳಿ.

ಹಳೆಯ ಟೆಸ್ಟರ್

ನಾನು 14 ಜನರ ಕಂಪನಿಯಲ್ಲಿ ಆರು ವರ್ಷ ಇದ್ದೆ. ಸೇರಿದ ನಾಲ್ಕನೆಯ ದಿನ ಮದ್ದೂರಿನ ಕಡೆಯ ಒಂದು ಗ್ರಾಹಕರ ಕಚೇರಿಯಿಂದ ಫೋನ್ ಬಂತು. ಲೆಕ್ಕದ ಪರದೆ ತೆರೆಯುತ್ತಿಲ್ಲ ಎಂದರು. ಬೇರೆ ಯಾರೂ ಇರಲಿಲ್ಲ, ನಾನೇ ಬಸ್ ಹತ್ತಿದೆ. ಅಲ್ಲಿನ ಗುಮಾಸ್ತರು ಬಂದ ರಸೀದಿಗಳನ್ನೆಲ್ಲ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಕೂತು ಕಂಪ್ಯೂಟರಿಗೆ ತುಂಬುತ್ತಿದ್ದರು. ಏಕೆಂದರೆ ನಮ್ಮ ಪರದೆ ಒಂದು ರಸೀದಿಗೆ ಒಂಬತ್ತು ಕಡೆ ಒತ್ತಿಸುತ್ತಿತ್ತು, ಎದುರಿಗೆ ಜನ ಸಾಲಾಗಿ ನಿಂತಿರುತ್ತಿದ್ದರು. ವಾಪಸ್ ಬಂದು ಆ ಒಂಬತ್ತನ್ನು ಮೂರಕ್ಕೆ ಇಳಿಸಿದೆವು. ಮುಂದಿನ ಸೋಮವಾರ ಅವರು ಫೋನ್ ಮಾಡಿ "ಪುಸ್ತಕ ಮುಚ್ಚಿಟ್ಟೆ ಸರ್" ಎಂದರು. ಹದಿನೆಂಟು ವರ್ಷಗಳ ವೃತ್ತಿಯಲ್ಲಿ ಅಷ್ಟು ಸಂತೋಷ ಕೊಟ್ಟ ಮಾತು ನನಗೆ ಇನ್ನೊಂದಿಲ್ಲ. ನೀವು ಹುಡುಕುತ್ತಿರುವುದು ಇದನ್ನೇ ಎಂದು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ.

ಆದರೆ ಇನ್ನೊಂದನ್ನೂ ಕೇಳಿ. ಆ ಆರು ವರ್ಷ ನನ್ನ ಕೆಲಸವನ್ನು ತಿದ್ದುವವರು ಯಾರೂ ಇರಲಿಲ್ಲ. ನಾನು ಮಾಡಿದ್ದೇ ಸರಿ, ನಾನು ಕಟ್ಟಿದ್ದೇ ಪದ್ಧತಿ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು, "ಯಶಸ್ವಿ" ಎಂಬ ಇಮೇಲ್ ಬರುತ್ತಿತ್ತು, ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ಒಂದು ದಿನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ತೆರೆದರೆ ಕಡತವಿದೆ, ಒಳಗೆ ಏನೂ ಇಲ್ಲ. ಹನ್ನೊಂದು ದಿನಗಳ ಲೆಕ್ಕವನ್ನು ಕಾಗದದ ರಸೀದಿಗಳಿಂದ ಮತ್ತೆ ತುಂಬಿಸಿದೆವು. ದೊಡ್ಡ ಕಂಪನಿಯಲ್ಲಿ ನಿಮಗೆ ಬೇಸರ ತರಿಸುವ ಒಪ್ಪಿಗೆಗಳ ಸಾಲಿದೆಯಲ್ಲ, ಅದರಲ್ಲಿ ಒಂದೆರಡು ಇಂಥ ದಿನದಿಂದಲೇ ಹುಟ್ಟಿದವು.

ಇನ್ನು ರಜೆ. ತಂಗಿಯ ಮದುವೆಯ ದಿನ ಮೂರು ಬಾರಿ ಛತ್ರದ ಅಡುಗೆಮನೆಯ ಹಿಂದೆ ನಿಂತು ಫೋನಿನಲ್ಲಿ ಸರ್ವರ್ ಸರಿಪಡಿಸಿದೆ. ಧಾರೆ ಎರೆಯುವಾಗ ನಾನು ಮಂಟಪದಲ್ಲಿ ಇರಲಿಲ್ಲ. ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ, ಆ ವ್ಯವಸ್ಥೆ ಗೊತ್ತಿದ್ದವನು ನಾನೊಬ್ಬನೇ ಆಗಿದ್ದೆ. ಮಾಲೀಕರನ್ನು ಎರಡು ಪ್ರಶ್ನೆ ಕೇಳಿ: ನನ್ನ ಕೋಡನ್ನು ಓದಿ ತಿದ್ದುವವರು ಯಾರು? ನಾನು ಹತ್ತು ದಿನ ಊರಿಗೆ ಹೋದರೆ ನನ್ನ ಕೆಲಸ ಯಾರಿಗೆ ಗೊತ್ತಿರುತ್ತದೆ?

ಕರಾವಳಿ

ಚಿಕ್ಕದು ಎಂದು ಹೆದರಬೇಡಿ. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಏಳು ಜನರಿಂದ ಆರಂಭವಾಯಿತು. ನಮ್ಮ ಉಡುಪಿಯ ರೋಬೋಸಾಫ್ಟ್ 1996ರಲ್ಲಿ ಶುರುವಾದಾಗ ಅಲ್ಲಿ ಸಾಫ್ಟ್‌ವೇರ್ ಕೆಲಸವಿದೆ ಎಂದರೆ ನಂಬುವವರು ಕಡಿಮೆ. ಅದು ನೂರಾರು ಜನರ ಸಂಸ್ಥೆಯಾಗಿ ಬೆಳೆದು 2021ರಲ್ಲಿ ಜಪಾನಿನ ಸಂಸ್ಥೆಯೊಂದರ ಕೈ ಸೇರಿತು. ಊರು ಬಿಡದೆ ಒಳ್ಳೆಯ ಕೆಲಸ ಮಾಡಬಹುದು ಎಂದು ನನ್ನ ತಲೆಮಾರಿನ ಕರಾವಳಿಯ ಹುಡುಗರಿಗೆ ಧೈರ್ಯ ಬಂದದ್ದು ಇಂಥವನ್ನು ನೋಡಿಯೇ.

ಧಾರವಾಡದಿಂದ

ಬೆಳೆದವುಗಳ ಹೆಸರು ಎಲ್ಲರಿಗೂ ನೆನಪಿರುತ್ತದೆ, ಮುಚ್ಚಿಹೋದವುಗಳ ಹೆಸರು ಅಲ್ಲಿ ದುಡಿದವರಿಗೆ ಮಾತ್ರ. ನಾನು ಅಂಥ ಒಂದರಲ್ಲಿದ್ದೆ. ಮೊದಲು ಸಂಬಳ 1ನೇ ತಾರೀಖಿನಿಂದ 7ಕ್ಕೆ ಹೋಯಿತು, ಆಮೇಲೆ 15ಕ್ಕೆ, ಆಮೇಲೆ "ಈ ತಿಂಗಳು ಅರ್ಧ" ಎಂದರು. ಅಣ್ಣ ತಮ್ಮಂದಿರ ಹಾಗೆ ಇದ್ದೆವು, ಮಧ್ಯಾಹ್ನ ಒಂದೇ ಮೇಜಿನಲ್ಲಿ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದೆವು. ಅದರಿಂದಲೇ ಕೇಳಲು ಬಾಯಿ ಬರಲಿಲ್ಲ. ಬಿಟ್ಟ ಮೇಲೆ ನೋಡಿದರೆ ಎಂಟು ತಿಂಗಳ ಪಿಎಫ್ ನನ್ನ ಸಂಬಳದಿಂದ ಕಡಿತವಾಗಿತ್ತು, ಪಾಸ್‌ಬುಕ್ಕಿಗೆ ಬಂದಿರಲಿಲ್ಲ. ಕಡಿದ ತೆರಿಗೆಯನ್ನೂ ಕಟ್ಟಿರಲಿಲ್ಲ. ಸೇರುವಾಗ ನನ್ನ ಮೂಲ ಅಂಕಪಟ್ಟಿಗಳನ್ನು ತೆಗೆದಿಟ್ಟುಕೊಂಡಿದ್ದರು, ಅವು ಕೈಗೆ ಬರಲು ಐದು ತಿಂಗಳು ಬೇಕಾಯಿತು. ಮೂಲ ಅಂಕಪಟ್ಟಿ ಕೇಳುವ ಕಂಪನಿ ಎಷ್ಟೇ ಸಜ್ಜನರದ್ದಾಗಿರಲಿ, ಎದ್ದು ಬನ್ನಿ.

ಲೆಕ್ಕಪತ್ರ

ನಾನು ಸಣ್ಣ ಕಂಪನಿಗಳ ಲೆಕ್ಕ ಬರೆಯುವವನು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು 22 ಎಂಬ ಸಂಖ್ಯೆಯ ಮೇಲೆ. ನಮ್ಮ ದೇಶದಲ್ಲಿ ನೌಕರರ ಹಕ್ಕುಗಳಿಗೆ ತಲೆ ಎಣಿಕೆಯ ಮೆಟ್ಟಿಲುಗಳಿವೆ. 10 ಜನ ಆದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಸಿಗುವ ಇಡುಗಂಟು), ಹೆರಿಗೆ ರಜೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ. 20 ಆದರೆ ಪಿಎಫ್ ಕಡ್ಡಾಯ. 50 ಆದರೆ ಶಿಶುಪಾಲನಾ ಕೇಂದ್ರ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಹೆಸರು ಬದಲಾದರೂ ಈ ಮೆಟ್ಟಿಲುಗಳು ಹೆಚ್ಚೂ ಕಡಿಮೆ ಇದ್ದಲ್ಲೇ ಇವೆ.

ಆದ್ದರಿಂದ ಕೆಲವು ಮಾಲೀಕರು 20ರ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುತ್ತಾರೆ. ಐದಾರು ಜನರನ್ನು ನೌಕರರೆಂದು ತೋರಿಸದೆ ಸಲಹೆಗಾರರೆಂದು ಬರೆಯುತ್ತಾರೆ. ನಿಮ್ಮ 22ರಲ್ಲಿ ಸಂಬಳದ ಪಟ್ಟಿಯಲ್ಲಿರುವವರು ಎಷ್ಟು ಎಂದು ಕೇಳಿ.

ಧಾರವಾಡದ ಮಿತ್ರರಿಗೆ ಆದದ್ದು ತೀರಾ ಸಾಮಾನ್ಯ. ಪಿಎಫ್ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ, ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯನ್ನು ತೋರಿಸುವ ತೆರಿಗೆ ಇಲಾಖೆಯ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ನೌಕರರ ಪಾಲನ್ನು ಕಡಿದು ಕಟ್ಟದಿರುವುದು ಕ್ರಿಮಿನಲ್ ನಂಬಿಕೆದ್ರೋಹ. ಕಡಿದ ತೆರಿಗೆಯನ್ನು ನಿಮ್ಮಿಂದ ಎರಡನೇ ಸಲ ವಸೂಲಿ ಮಾಡುವಂತಿಲ್ಲ. ಆದರೂ ಅದನ್ನು ಸಾಬೀತುಪಡಿಸಲು ಸಂಬಳದ ಚೀಟಿಗಳು ನಿಮ್ಮ ಬಳಿ ಇರಬೇಕು. ಅವನ್ನು ಕಂಪನಿಯ ಇಮೇಲಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಂಪನಿ ಮುಚ್ಚಿದ ದಿನ ಅದೂ ಮುಚ್ಚುತ್ತದೆ.

ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾವುದೇ ಪ್ರೈವೇಟ್ ಲಿಮಿಟೆಡ್ ಕಂಪನಿ ಯಾವಾಗ ನೋಂದಣಿಯಾಯಿತು, ನಿರ್ದೇಶಕರು ಯಾರು, ಯಾವ ಬ್ಯಾಂಕಿಗೆ ಆಸ್ತಿ ಒತ್ತೆ ಇದೆ ಎಂಬುದು ಸಿಗುತ್ತದೆ. 100 ರೂಪಾಯಿ ಶುಲ್ಕ ಕಟ್ಟಿದರೆ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರಗಳನ್ನೂ ಓದಬಹುದು. ಅದನ್ನು ನಿಮ್ಮ ತಂದೆಯವರ ಕೈಗೆ ಕೊಡಿ. ಸಹಕಾರ ಸಂಘ ನಡೆಸಿದವರಿಗೆ ಆಸ್ತಿ-ಹೊಣೆ ಪಟ್ಟಿ ಓದುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ಯಾರೂ ಗಮನಿಸಲಿಲ್ಲ. ನಿಮಗೆ 4 ವರ್ಷ 2 ತಿಂಗಳಾಗಿದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಬರುವುದು 5 ವರ್ಷಕ್ಕೆ. 4 ವರ್ಷ 240 ದಿನ ದುಡಿದವರಿಗೂ ಸಲ್ಲುತ್ತದೆ ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ಲೆಕ್ಕ ಸುಲಭ: ಕೊನೆಯ ಮೂಲವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಮೂಲವೇತನ 20,000 ಇದ್ದರೆ ಐದು ವರ್ಷಕ್ಕೆ ಸುಮಾರು 57,700 ರೂಪಾಯಿ. ಬಿಡುವುದಾದರೆ ತಿಳಿದು ಬಿಡಿ.

ಎರಡು ಮಕ್ಕಳ ತಾಯಿ

ತಂಗಿ, ಗಂಡಸರು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ. ಆ ಆರು ತಿಂಗಳ ಸಂಬಳವನ್ನು ಕೊಡಬೇಕಾದವರು ಮಾಲೀಕರು, ಸರ್ಕಾರವಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ನೆರವಿಗೆ ಬರುವುದು ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ ಮಾತ್ರ. ಸಾವಿರಾರು ಜನರ ಕಂಪನಿಗೆ ಇದು ಲೆಕ್ಕಕ್ಕಿಲ್ಲ, 22 ಜನರ ಕಂಪನಿಗೆ ಭಾರ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಸಂದರ್ಶನದಲ್ಲಿ "ಮದುವೆ ಯೋಚನೆ ಇದೆಯೇ?" ಎಂದು ಕೇಳುತ್ತಾರೆ. ನನ್ನನ್ನು ಕೇಳಿದ್ದರು.

ನಾನು ಗರ್ಭಿಣಿ ಎಂದು ಹೇಳಿದ ದಿನ ನನ್ನ ಮಾಲೀಕರು ಎದ್ದು ಹೋಗಿ ಸಿಹಿ ತರಿಸಿದರು, ಪೂರ್ತಿ ರಜೆ ಕೊಟ್ಟರು, ವಾಪಸ್ ಬಂದಾಗ ಮಧ್ಯಾಹ್ನ ಎರಡು ಗಂಟೆ ಕಾಲ ಮನೆಗೆ ಹೋಗಿ ಮಗುವಿಗೆ ಹಾಲೂಡಿಸಿ ಬರಲು ಬಿಟ್ಟರು. ಯಾವ ನಿಯಮ ಪುಸ್ತಕವನ್ನೂ ತೆರೆಯಲಿಲ್ಲ. ನನ್ನ ಗೆಳತಿಗೆ ಇನ್ನೊಂದು ಸಣ್ಣ ಕಂಪನಿಯಲ್ಲಿ ಅದೇ ಸ್ಥಿತಿಯಲ್ಲಿ ರಾಜೀನಾಮೆ ಬರೆಸಿಕೊಂಡರು. ಸಣ್ಣ ಕಡೆ ಒಬ್ಬ ಮನುಷ್ಯನ ಗುಣವೇ ನಿಯಮವಾಗಿಬಿಡುತ್ತದೆ.

ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂದು ಖಂಡಿತ ಕೇಳಿ. ಅಧ್ಯಕ್ಷರಾಗಿ ಹಿರಿಯ ಮಹಿಳಾ ನೌಕರರಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ದೂರು ಮಾಲೀಕರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ನೀವು ಕೇಳಿದಾಗ ಅವರ ಮುಖ ಗಮನಿಸಿ, ಉತ್ತರಕ್ಕಿಂತ ಹೆಚ್ಚು ತಿಳಿಯುತ್ತದೆ.

ಟೆಕ್ಸಾಸ್‌ನಿಂದ

ಇಲ್ಲೂ ತಲೆ ಎಣಿಕೆಯೇ. ಅಮೆರಿಕದಲ್ಲಿ ಕುಟುಂಬದ ಕಾಯಿಲೆ, ಹೆರಿಗೆಗೆಂದು ಕಾನೂನು ಕೊಡುವ 12 ವಾರಗಳ ರಜೆಗೆ ಸಂಬಳವಿಲ್ಲ, ಅದೂ 50 ಜನರಿಗಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ನಾನು 30 ಜನರ ಕಂಪನಿಯಲ್ಲಿದ್ದಾಗ ಮಗಳು ಹುಟ್ಟಿದಳು. ಊರಿನಿಂದ ಅಮ್ಮ ಬಂದು ನಿಂತದ್ದರಿಂದ ದಾಟಿದೆವು. ಭಾರತದ ಸಣ್ಣ ಕಂಪನಿಯ ಹೆಣ್ಣುಮಗಳಿಗೆ ಕಾಗದದ ಮೇಲಾದರೂ ಇಲ್ಲಿಗಿಂತ ಹೆಚ್ಚು ರಕ್ಷಣೆಯಿದೆ. ಬಿಟ್ಟುಕೊಡಬೇಡಿ.

ಬಾಗಿಲು ಮುಚ್ಚಿದವನು

ನಾನು 17 ಜನರ ಕಂಪನಿ ನಡೆಸಿ ಮುಚ್ಚಿದವನು. ಮಾಲೀಕನ ಕಡೆಯ ಮಾತನ್ನೂ ಹೇಳಬೇಕು ಅನಿಸಿತು.

ನಮ್ಮಲ್ಲಿ ಎರಡು ಬಗೆಯ ಕಂಪನಿಗಳಿವೆ. ಹೂಡಿಕೆದಾರರ ಹಣದಲ್ಲಿ ನಡೆಯುವವು, ಗ್ರಾಹಕರ ಹಣದಲ್ಲಿ ನಡೆಯುವವು. ನನ್ನದು ಮೊದಲನೆಯದು. 2022ರಲ್ಲಿ ಹೂಡಿಕೆ ಒಣಗತೊಡಗಿತು. 2023ರ ಮಾರ್ಚ್ 10ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿತ್ತು. ನಮ್ಮ ಹಣ ಅಲ್ಲಿತ್ತು. ಅದು ಶುಕ್ರವಾರ. ಸೋಮವಾರ ಠೇವಣಿ ಕೈಗೆ ಸಿಗುತ್ತದೆ ಎಂದು ಅಲ್ಲಿನ ಸರ್ಕಾರ ಭಾನುವಾರ ಹೇಳಿತು. ಆ ಎರಡು ರಾತ್ರಿ ನಾನು ಮಲಗಲಿಲ್ಲ. ಹಣ ಸಿಕ್ಕಿತು, ಆದರೆ ಮುಂದಿನ ಹೂಡಿಕೆ ಬರಲಿಲ್ಲ. ಏಳು ತಿಂಗಳ ಸಂಬಳಕ್ಕೆ ಹಣವಿದ್ದಾಗಲೇ ಎಲ್ಲರನ್ನೂ ಕೂರಿಸಿ ಬ್ಯಾಂಕಿನ ಲೆಕ್ಕ ತೋರಿಸಿದೆ. ನಾಲ್ಕು ತಿಂಗಳಲ್ಲಿ ಹದಿನಾಲ್ಕು ಮಂದಿಗೆ ಬೇರೆ ಕೆಲಸ ಸಿಕ್ಕಿತು, ಉಳಿದವರಿಗೆ ಮೂರು ತಿಂಗಳ ಸಂಬಳ ಕೊಟ್ಟು ಬಾಗಿಲು ಹಾಕಿದೆ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಕೊನೆಯ ರೂಪಾಯಿಯವರೆಗೆ ನಡೆಸಿದ್ದರೆ ನೌಕರರಿಗೆ ಏನೂ ಸಿಗುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸಂಬಳ ಬಾಕಿಯಿಟ್ಟ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಲು 2020ರ ಮಾರ್ಚ್‌ನಿಂದ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. ಒಬ್ಬ ಎಂಜಿನಿಯರಿನ ಬಾಕಿ ಅಷ್ಟಾಗುವುದು ಯಾವಾಗ?

ಆದ್ದರಿಂದ ನೇರವಾಗಿ ಕೇಳಿ: ಇವತ್ತು ಹೊಸ ಹಣ ಬಾರದಿದ್ದರೆ ಎಷ್ಟು ತಿಂಗಳ ಸಂಬಳಕ್ಕೆ ಕೈಯಲ್ಲಿದೆ? ಪ್ರಾಮಾಣಿಕ ಮಾಲೀಕನಿಗೆ ಆ ಸಂಖ್ಯೆ ನಿದ್ದೆಯಲ್ಲೂ ನೆನಪಿರುತ್ತದೆ. "ಅದೆಲ್ಲ ನಿಮಗೆ ಯಾಕೆ?" ಎಂದರೆ ನಿಮಗೆ ಉತ್ತರ ಸಿಕ್ಕಿತು.

ಲೆಕ್ಕಪತ್ರ

ಷೇರಿನ ಮಾತು ಉಳಿದಿತ್ತು. 1,000 ಎಂಬುದಕ್ಕೆ ಅರ್ಥವಿಲ್ಲ, ಒಟ್ಟು ಎಷ್ಟರಲ್ಲಿ 1,000 ಎಂದು ಕೇಳಿ. ಹತ್ತು ಲಕ್ಷದಲ್ಲಾದರೆ 0.1 ಶೇಕಡ. ಕೊಡುವುದು ಸಾಮಾನ್ಯವಾಗಿ ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು. ಮೊದಲ ಒಂದು ವರ್ಷ ಅದೂ ಕೈಗೆ ಬರುವುದಿಲ್ಲ, ಕಂಪನಿ ನಿಯಮವೇ ಹಾಗಿದೆ. ನೀವು 10 ರೂಪಾಯಿಗೆ ಕೊಂಡ ಷೇರಿನ ಮೌಲ್ಯ ಕೊಂಡ ದಿನ 500 ಎಂದಾಗಿದ್ದರೆ, 1,000 ಷೇರಿಗೆ 4,90,000 ರೂಪಾಯಿಯನ್ನು ಸಂಬಳದ ಆದಾಯವೆಂದು ಎಣಿಸಿ ತೆರಿಗೆ ಹಾಕುತ್ತಾರೆ. ಕೈಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ, ಕೊಳ್ಳುವವರೂ ಇರುವುದಿಲ್ಲ. ತೆರಿಗೆ ಮುಂದೂಡುವ ಸೌಲಭ್ಯ 2020ರಿಂದ ಇದೆ, ಆದರೆ ಸರ್ಕಾರದ ವಿಶೇಷ ಪ್ರಮಾಣಪತ್ರ ಪಡೆದ ನವೋದ್ಯಮಗಳಿಗೆ ಮಾತ್ರ, ಮತ್ತು ಕೆಲಸ ಬಿಟ್ಟ ಕೂಡಲೇ ಅದು ಮುಗಿಯುತ್ತದೆ. ಸಂಬಳ ಕಡಿಮೆ ಮಾಡಿಕೊಂಡು ಷೇರು ಪಡೆಯಬೇಡಿ. ಸಂಬಳ ಸರಿಯಿದ್ದು ಷೇರೂ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ.

ತುಂಗಾತೀರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮೈಸೂರಿಗೆ ಹೋಗಿದ್ದೆ.

100 ರೂಪಾಯಿ ಕಟ್ಟಿ ಲೆಕ್ಕಪತ್ರ ತೆಗೆದು ಅಪ್ಪನಿಗೆ ಕೊಟ್ಟಿದ್ದೆ. ಕನ್ನಡಕ ಹಾಕಿಕೊಂಡು ಎರಡು ಸಂಜೆ ಓದಿದರು. ಸಾಲವಿಲ್ಲ, ಸತತ ಮೂರು ವರ್ಷ ಸಣ್ಣ ಲಾಭವಿದೆ. "ಆದರೆ ಬರಬೇಕಾದ ಬಾಕಿ ನೋಡು, ವರ್ಷದ ವ್ಯವಹಾರದ ಮೂರನೇ ಒಂದು ಪಾಲು ಹೊರಗೇ ಇದೆ. ಆಸ್ಪತ್ರೆಗಳು ಹಣ ಕೊಡುತ್ತಿಲ್ಲ" ಎಂದರು. ಅದನ್ನೇ ಕೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರು ಓದಿದರು ಎಂದು ವಿಚಾರಿಸಿದರು. ಆಮೇಲೆ ಒಪ್ಪಿಕೊಂಡರು: ಹಣ ಬರಲು ನಾಲ್ಕು ತಿಂಗಳಾಗುತ್ತದೆ, ಕೈಯಲ್ಲಿ ಐದು ತಿಂಗಳ ಸಂಬಳಕ್ಕೆ ಆಗುವಷ್ಟು ಇದೆ, ಈವರೆಗೆ ಒಮ್ಮೆ ಮಾತ್ರ ಸಂಬಳ ಆರು ದಿನ ತಡವಾಗಿದೆ. ಕೋಡ್ ಓದಿ ತಿದ್ದಲು ಹಿರಿಯರೊಬ್ಬರಿದ್ದಾರೆ, ಅವರೊಂದಿಗೆ ಒಂದು ಗಂಟೆ ಮಾತನಾಡಿದೆ, ಅವರಿಂದ ಕಲಿಯಬೇಕೆನಿಸಿತು. ಹತ್ತು ದಿನ ರಜೆ ಹಾಕಿದರೆ ನೋಡಿಕೊಳ್ಳಲು ಸದ್ಯಕ್ಕೆ ಯಾರೂ ಇಲ್ಲ. ಆಂತರಿಕ ಸಮಿತಿ ಕಾಗದದ ಮೇಲಿದೆ, ಹೊರಗಿನ ಸದಸ್ಯೆಯ ಹೆಸರು ಅಲ್ಲಿನ ಹೆಣ್ಣುಮಕ್ಕಳಿಗೇ ಗೊತ್ತಿರಲಿಲ್ಲ.

ಮುಖ್ಯ ವಿಷಯ: ನೇಮಕಾತಿ ಪತ್ರದಲ್ಲಿ ನನ್ನನ್ನು "ಸಲಹೆಗಾರರು" ಎಂದು ಬರೆದಿದ್ದಾರೆ. 22ರಲ್ಲಿ ಆರು ಜನ ಹಾಗೇ ಇದ್ದಾರೆ. ಏನು ಮಾಡಲಿ?

ಲೆಕ್ಕಪತ್ರ

ಸಹಿ ಹಾಕಬೇಡಿ. ಹಾಗೆ ಸೇರಿದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಹೆರಿಗೆ ರಜೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. 10 ಶೇಕಡ ತೆರಿಗೆ ಕಡಿದು ಉಳಿದದ್ದನ್ನು ಕೈಗಿಡುವುದರಿಂದ ಮೊದಲ ತಿಂಗಳು ಹೆಚ್ಚು ಹಣ ಕಂಡಂತೆ ಅನಿಸುತ್ತದೆ. ದಿನವೂ ಅವರ ಕಚೇರಿಗೆ ಬಂದು, ಅವರು ಹೇಳಿದ ಕೆಲಸವನ್ನು, ಅವರ ಕಂಪ್ಯೂಟರಿನಲ್ಲಿ ಮಾಡುವವರು ನೌಕರರೇ. ಮಾಲೀಕರಿಗೆ ಇದನ್ನೂ ತಿಳಿಸಿ: ಅವರು ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ ಆಸ್ಪತ್ರೆಗಳು 45 ದಿನಗಳೊಳಗೆ ಹಣ ಕೊಡಬೇಕು, 2006ರ ಕಾನೂನೇ ಇದೆ. ತಡಮಾಡಿದರೆ ಬಡ್ಡಿ ಕೇಳಬಹುದು. ಅದನ್ನು ಬಳಸಿಕೊಂಡರೆ ನಿಮ್ಮ ಪಿಎಫ್ ಕಟ್ಟಲು ಹಣ ಸಿಗುತ್ತದೆ.

ಬಾಗಿಲು ಮುಚ್ಚಿದವನು

45 ದಿನದ ಕಾನೂನು ನನಗೂ ಗೊತ್ತಿತ್ತು. ಇರುವ ಗ್ರಾಹಕರು ಕೈಬಿಟ್ಟಾರು ಎಂಬ ಹೆದರಿಕೆಯಿಂದ ಸಣ್ಣ ಮಾಲೀಕರು ಅದನ್ನು ಎತ್ತುವುದಿಲ್ಲ. ಆದರೂ ಹೇಳಿ ನೋಡಿ, ತಂಗಿ. ಬಾಕಿಯ ಬಗ್ಗೆ ಸುಳ್ಳು ಹೇಳದ ಮನುಷ್ಯ ಈ ಮಾತನ್ನೂ ಕೇಳಿಸಿಕೊಳ್ಳಬಹುದು.

ತುಂಗಾತೀರ

ಪತ್ರ ಬದಲಾಯಿತು. ಸುಲಭವಾಗಿ ಅಲ್ಲ, ಒಂದು ವಾರ ಹಿಡಿಯಿತು. ಕಂಪನಿಯ ಪಾಲಿನ ಪಿಎಫ್ ಸೇರಿಸಿದರೆ ಒಟ್ಟು ಸಂಬಳ ಮೀರುತ್ತದೆ ಎಂದರು. ಷೇರು ಅರ್ಧ ಮಾಡಿ, ಪಿಎಫ್ ಕಟ್ಟಿ ಎಂದೆ. ಒಪ್ಪಿದರು. ಉಳಿದ ಆರು ಜನರಲ್ಲಿ ಇಬ್ಬರು ನನ್ನ ಪತ್ರ ನೋಡಿ ತಮ್ಮದನ್ನೂ ಬದಲಿಸಲು ಕೇಳಿದ್ದಾರಂತೆ, ಅದು ಇನ್ನೂ ತೀರ್ಮಾನವಾಗಿಲ್ಲ. ಹೊಸಬಳು ಬಂದು ಗಲಾಟೆ ಎಬ್ಬಿಸಿದಳು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಗ್ರಾಚ್ಯುಟಿಯನ್ನು ಬಿಡುತ್ತಿದ್ದೇನೆ. ಅಷ್ಟು ಕಾಲ ಕಾಯಲು ಅವರಿಂದ ಆಗುವುದಿಲ್ಲ, ಹೊಸ ಆಸ್ಪತ್ರೆಯ ಕೆಲಸ ಶುರುವಾಗುತ್ತಿದೆ. ನನ್ನ ಲೆಕ್ಕದಲ್ಲಿ 57,700ಕ್ಕೆ ಹತ್ತಿರದ ಮೊತ್ತ. ಸಣ್ಣದಲ್ಲ, ಅಪ್ಪನಿಗೆ ಹೇಳುವಾಗ ಗಂಟಲು ಕಟ್ಟಿತು. ಅವರು "ಐದು ತಿಂಗಳ ಸಂಬಳ ಅವರ ಕೈಯಲ್ಲಿದೆ ಅಂದರಲ್ಲ, ನೀನೂ ಐದು ತಿಂಗಳ ಖರ್ಚು ಬ್ಯಾಂಕಿನಲ್ಲಿಟ್ಟುಕೊಂಡು ಹೋಗು" ಎಂದಷ್ಟೇ ಹೇಳಿದರು. ಇಟ್ಟುಕೊಂಡಿದ್ದೇನೆ. ನೋಟಿಸ್ ಅವಧಿ 90 ದಿನ, ನಿನ್ನೆ ರಾಜೀನಾಮೆ ಕೊಟ್ಟೆ. ಮೈಸೂರಿನ ವಿಜಯನಗರದ ಕಡೆ ಒಂದು ಕೋಣೆಯ ಮನೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ನೀರಿನ ವ್ಯವಸ್ಥೆ ಸರಿಯಿರಬೇಕು.

ಹಳೆಯ ಟೆಸ್ಟರ್

ಮನೆ ವಿಚಾರಿಸುತ್ತೇನೆ. ಸೇರಿದ ಮೊದಲ ವಾರ ಬೇರೇನೂ ಮಾಡಬೇಡಿ. ಒಂದು ಆಸ್ಪತ್ರೆಯ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಪೂರ್ತಿ ತೆರೆದು, ಒಬ್ಬ ರೋಗಿಯ ಲ್ಯಾಬ್ ವರದಿಯನ್ನು ಅದರಲ್ಲಿ ಹುಡುಕಿ ನೋಡಿ.